ಕರೆಂಟು ಹೋದಾಗ ಓದಿದ್ದು

ರಬಕವಿಯೊಳಗ ಕರೆಂಟು ಹೋದದ್ದು
ಮೊದಲು ಕಿವಿಗೆ ಗೊತ್ತಾಗತೈತಿ.
ಇಪ್ಪತ್ನಾಕು ಮಗ್ಗ ಒಮ್ಮೆಲೇ ಬಾಯಿ ಮುಚ್ಚತಾವ,
ಲಾಳಿ ಅರ್ಧ ದಾರಿಯೊಳಗ ನಿಂದರತಾವ,
ಓಣಿ ಆಚೆ ಯಾರೋ ಖಾರ ಕುಟ್ಟೂದು
ಆವಾಗ ಕೇಳತೈತಿ.

ಆ ಹೊತ್ತಿನ್ಯಾಗ ನಾ ಪುಸ್ತಕ ತಗೀತಿದ್ದೆ.
ಹಾಜರಿ ಬುಕ್ಕಿನ ಕೆಳಗ ಇರತಿತ್ತು, ರಟ್ಟು ಹೋದದ್ದು,
ಹಳೇ ಕ್ಯಾಲೆಂಡರಿನ ಹಾಳಿ ನಾನಽ ಹಚ್ಚಿದ್ದು.
ಹದಿನೈದಕ್ಕ ಮೊದಲ ಸಲ ಓದಿದ ಕಾದಂಬರಿ,
ಆಮ್ಯಾಲ ಎಷ್ಟು ಸಲ, ಎಣಿಸಿಲ್ಲ.
ಯಾರಿಗೂ ಕೊಟ್ಟಾಕಿ ಅಲ್ಲ ನಾನು.
ಕೇಳಿದವರಿಗೆ, ಕಳೀತು ಅಂತಿದ್ದೆ.

ದುಂಡವ್ವ ಹಿಡದ್ಲು ಒಂದಿನ:
"ಲೆಕ್ಕದಾಕಿ, ಒಬ್ಬಾಕಿನಽ ಏನ್ ನಗತಿ ಅದರಾಗ?
ನಮಗೂ ಒಂದೀಟು ಹಾಕು."
ಡಬ್ಬಿಯೊಳಗಿನ ಪಲ್ಯ ಕೇಳಿದಂಗ ಕೇಳಿದ್ಲು.

ಹಾಕಿದೆ.
ಕಂಡಿಕಿ ಸುತ್ತೂ ನಾಕು ಮಂದಿ, ಸೀರಿ ಮಡಚೂ ಇಬ್ಬರು,
ಬಾಗಲದಾಗ ಜೈತುನಬಿ,
ಬೆಳಕಿಗೆ ಅಡ್ಡ ಆಗಬಾರದಂತ ಕಾಲು ಮಡಚಿ.
ಅವರದು ಎಣಿಕಿ ಕೂಲಿ, ನಂದು ತಿಂಗಳ ಪಗಾರ.
ತಾಸು ಕತಿ ನಡದ್ರ ಅವರ ತಾಸಿನ ರೊಕ್ಕ ಅದರಾಗ ಮುಳಗತಿತ್ತು.
ಹೇಳಬೇಕಂದ್ರ, ಆ ಪುಸ್ತಕ
ನನ್ನಷ್ಟು ಅಗ್ಗಕ್ಕ ಯಾರೂ ಓದಿಲ್ಲ.

ನಾ ಅತ್ತಲ್ಲಿ ಅವರು ನಕ್ಕರು.
ಹುಡುಗಿ ಕನ್ನಡಿಯೊಳಗ
ತನ್ನ ಬೆನ್ನು ತಾನಽ ನೋಡಾಕ ಒದ್ದಾಡೂ ಪುಟ,
ನನಗ ಗಂಟಲು ಕಟ್ಟೂ ಪುಟ,
ಕಲಾವತಿ ಬಿದ್ದು ಬಿದ್ದು ನಕ್ಕು
"ನಾನೂ ನೋಡೀನಿ, ತಾಮ್ರದ ಕೊಡದಾಗ!"
ಪುಸ್ತಕ ಮುಚ್ಚಿದೆ.
ಮರದಿನ ಕರೆಂಟು ಹೋದಾಗ, ಲೆಕ್ಕ ಐತಿ ಅಂದೆ.
ಯಾರೂ ಏನೂ ಅನ್ನಲಿಲ್ಲ.
ಒಬ್ಬಾಕಿ ಬಂದು ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ
ನನ್ನ ಟೇಬಲ್ ಮ್ಯಾಲ ಇಟ್ಟು ಹೋದ್ಲು.
ಮತ್ತ ತಗದೆ.

ಆ ರಾತ್ರಿಯ ಪುಟ ಬಂತು.
ಹಿತ್ತಲ ಬಾಗಲದಾಗಿನ ಅಪ್ಪನ ಚಪ್ಪಲಿ ಮೆಟ್ಟಿ
ಹುಡುಗಿ ಹೊಳಿ ದಂಡಿಗೆ ಹೋಗತಾಳ, ಟ್ರಂಕು ಹೊತ್ತು.
ಅಕಿ ಬರೂದರಾಗ ನಾ ಪ್ರತಿ ಸಲ
ದೋಣಿಯೊಳಗ ಕುಂತಬಿಟ್ಟಿರತೀನಿ.
ಅದಕ್ಕ ನಡಕಿನ ಸಾಲು ಓಡಿಸಿದೆ:
ಒಳಗ ತಾಯಿ ದೀಪ ಸಣ್ಣದು ಮಾಡಿದಳು.

"ತಡಿ," ಅಂದ್ಲು ದುಂಡವ್ವ, "ಅದನ್ನ ಮತ್ತೊಮ್ಮೆ ಓದು."
ಓದಿದೆ.
"ನಿದ್ದಿ ಹತ್ತಿರಲಿಲ್ಲ ಅಕಿಗೆ."
ಯಾರಿಗೆ?
"ತಾಯಿಗೆ. ಗಂಡ ಎದ್ದರೂ ಬಾಗಲ ಕಾಣಬಾರದಂತ
ಬತ್ತಿ ಇಳಿಸ್ಯಾಳ."
ಅಕ್ಷರ ಬಾರದ ಜೈತುನಬಿ ಗೋಣು ಹಾಕಿದ್ಲು:
"ಗಂಡಸರ ಚಪ್ಪಲಿ ಮುಂಬಾಗಲದಾಗ ಇರತಾವ.
ಹಿತ್ತಲಕ್ಕ ಯಾರು ತಂದಿಟ್ಟರು?
ಆವಾಗಿಂದ ಇದನ್ನಽ ಕೇಳಬೇಕಂತಿದ್ದೆ."

ಇಷ್ಟು ವರ್ಷ
ತಾಯಿ ಮಲಗಾಕ ಹೊಂಟಾಳಂತ ತಿಳದಿದ್ದೆ.

ನಾ ಕಾಲೇಜಿಗೆ ಹೆಸರು ಹಚ್ಚಾಕ
ಜಮಖಂಡಿ ಬಸ್ಸು ಹತ್ತಿದ ಮುಂಜಾನೆ
ಅವ್ವ ಬಚ್ಚಲದಾಗ ಮಾರಿ ತೊಳಕೋತ ನಿಂತಿದ್ಲು.
ಹೋಗಿ ಬರತೀನಿ ಅಂದೆ.
ನೀರು ಸುರುವಿಕೋತನಽ ಇದ್ಲು, ಬಾಳ ಹೊತ್ತು.
ಸಾಬೂನು ಕಣ್ಣಿಗೆ ಹೋಗೈತಿ ಅಂತ
ಅದನ್ನೂ ಹಂಗಽ ತಿಳದಿದ್ದೆ.

ಕರೆಂಟು ಬಂತು.
ಸ್ವಿಚ್ಚಿನ ಕಡೆ ಯಾರ ಕೈನೂ ಹೋಗಲಿಲ್ಲ.
ಒಂದು ಗಳಿಗಿ, ಅಷ್ಟಽ.
ಆಮ್ಯಾಲ ಹೋತು, ಹೋಗಽಬೇಕು,
ಎಲ್ಲಾರದೂ ಅರ್ಧಕ್ಕ ನಿಂತಿತ್ತು.

ಪುಸ್ತಕ ಈಗ ನನ್ನ ಕಡೆ ಇಲ್ಲ.
ಜೈತುನಬಿ ಮಗಳು ಒಯ್ದ್ಲು,
ಅಕಿ ಕಡಿಂದ ಅಕಿ ಸೋದರತ್ತಿ, ತೇರದಾಳದಾಕಿ.
ಅಲ್ಲಿನೂ ಮಗ್ಗ ಅದಾವ.
ಎಲ್ಲೀತನಕ ಬಂದೈತಿ ಅಂತ ಕೇಳಿ ಕಳಿಸಿದೆ.
ಹುಡುಗಿ ಇನ್ನೂ ಮನ್ಯಾಗಽ ಅದಾಳಂತ,
ಕನ್ನಡಿ ಮುಂದ.
ಅಲ್ಲಿ ಕರೆಂಟು
ಸರಿಯಾಗಿ ಹೋಗವಲ್ದಂತ.